ನವಿಲುಕುತ್ತಿಗೆ ಬಣ್ಣದ ಕಿವಿಕಾಳು

ಟೈಟೇನಿಯಂ ಲೋಹಕ್ಕೆ ಬಣ್ಣ ಬಳಿಯುವ ಅಗತ್ಯವಿಲ್ಲ. ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ಮುಳುಗಿಸಿ ಕರೆಂಟ್ ಹಾಯಿಸಿದರೆ ಅದರ ಮೈಮೇಲೆ ತೆಳುವಾದ ಒಂದು ಪೊರೆ ಕಟ್ಟುತ್ತದೆ. ಪೊರೆ ಎಷ್ಟು ದಪ್ಪವೋ ಬಣ್ಣ ಅದಕ್ಕೆ ತಕ್ಕಂತೆ. ಒದ್ದೆ ರಸ್ತೆಯ ಮೇಲೆ ಚೆಲ್ಲಿದ ಪೆಟ್ರೋಲು ಬಣ್ಣಬಣ್ಣವಾಗಿ ಕಾಣುವುದಿಲ್ಲವೇ, ಹಾಗೆ. ಬಣ್ಣ ಕಣ್ಣಿಗೆ ಕಾಣುತ್ತದೆ, ಬಣ್ಣವೆಂಬ ವಸ್ತು ಮಾತ್ರ ಅಲ್ಲಿಲ್ಲ. ವೋಲ್ಟೇಜ್ ಏರಿಸುತ್ತ ಹೋದಂತೆ ಮೊದಲು ಹೊಂಬಣ್ಣ, ಆಮೇಲೆ ನೇರಳೆ, ಕಡುನೀಲಿ, ತಿಳಿನೀಲಿ, ಹಳದಿ, ಗುಲಾಬಿ, ಕೊನೆಗೆ ಹಸಿರು. ಅಪ್ಪಟ ಕೆಂಪು ಮಾತ್ರ ತಲೆಕೆಳಗಾಗಿ ನಿಂತರೂ ಬರುವುದಿಲ್ಲ.

ಬೆಳಗಾವಿಯ ವಡಗಾವಿಯಲ್ಲಿ ಈ ಕೆಲಸವನ್ನು ಮನೆಯಲ್ಲೇ ಮಾಡುತ್ತಿದ್ದವಳು ರೋಹಿಣಿ ಢವಳಿ. ನೇಕಾರರ ಪೈಕಿ. ತವರಿನಲ್ಲಿ ನೂಲಿಗೆ ಬಣ್ಣ ಹಾಕುತ್ತಿದ್ದರು, ಗಂಡನ ಮನೆಯಲ್ಲಿ ಸೀರೆ ನೇಯುತ್ತಿದ್ದರು. ಮಗ್ಗಗಳು ಗುಜರಿಗೆ ಹೋದ ಮೇಲೆ ಅದೇ ಶೆಡ್ಡಿನಲ್ಲಿ ಅವಳು ಪ್ಲಾಸ್ಟಿಕ್ ಡಬ್ಬಿಗಳನ್ನು ಸಾಲಾಗಿ ಇಟ್ಟುಕೊಂಡು ಕೂತಳು. ಸೈಕಲ್ಲಿನ ಬೋಲ್ಟು, ಕನ್ನಡಕದ ಕಾಲು, ಮೂಳೆ ಡಾಕ್ಟರರು ಅಳತೆಯ ಗುರುತಿಗೆಂದು ಬಣ್ಣ ಹಾಕಿಸುವ ಸ್ಕ್ರೂ, ಕಾಲೇಜು ಹುಡುಗಿಯರ ಓಲೆ, ಎಲ್ಲವೂ ಅಲ್ಲಿಗೆ ಬರುತ್ತಿದ್ದವು. ಬಣ್ಣಗಳಿಗೆ ಅವಳು ಸೀರೆಯ ಹೆಸರುಗಳನ್ನೇ ಇಟ್ಟಿದ್ದಳು: ಗಿಳಿಹಸಿರು, ಉಳ್ಳಾಗಡ್ಡಿ ಸಿಪ್ಪೆ, ನವಿಲುಕುತ್ತಿಗೆ. ಯಾರಾದರೂ ನಂಬರ್ ಹೇಳಿ ಬಣ್ಣ ಕೇಳಿದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

"ದಾಳಿಂಬರಿ ಕೆಂಪು ಬರೂದಿಲ್ಲ ಅಂದಮ್ಯಾಲ ಅದೇನ ಲೋಹ?" ಎಂದು ಅವಳ ಗಂಡ ನಾಮದೇವ ಕಾಡಿಸುತ್ತಿದ್ದ. ಗೋಡೆಗೆ ಒರಗಿಸಿದ ಕುರ್ಚಿಯಲ್ಲಿ ಕೂತು ಅವಳ ಕೆಲಸ ನೋಡುವುದು, ನಡುನಡುವೆ ಕೊಂಕು ತೆಗೆಯುವುದು, ಮಗ್ಗ ಹೋದ ಮೇಲೆ ಅವನಿಗೆ ಉಳಿದಿದ್ದ ಉದ್ಯೋಗ ಅದೊಂದೇ.

ಈ ಕೆಲಸದಲ್ಲಿ ಒಂದು ಕಟ್ಟುನಿಟ್ಟಿದೆ. ಬಣ್ಣಕ್ಕೆ ಇಳಿಸುವ ಮೊದಲು ತೊಳೆಯಬೇಕು. ಹಳೆಯ ಪೊರೆ, ಬೆರಳಿನ ಜಿಡ್ಡು ಏನಿದ್ದರೂ ಆಸಿಡ್ಡಿನಲ್ಲಿ ಅದ್ದಿ ತೆಗೆಯದಿದ್ದರೆ ಹೊಸ ಬಣ್ಣ ಮಚ್ಚೆಮಚ್ಚೆಯಾಗಿ ಕೂರುತ್ತದೆ. ನೂಲಿನವರ ಮನೆಯಲ್ಲೂ ಇದೇ ರೂಢಿ ಇದ್ದುದರಿಂದ ರೋಹಿಣಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಏನನ್ನೇ ಕೊಡಿ, ಅವಳ ಕೈ ಮೊದಲು ತೊಳೆಯುತ್ತಿತ್ತು, ತಲೆಯನ್ನು ಕೇಳುವ ಗೊಡವೆಗೇ ಹೋಗುತ್ತಿರಲಿಲ್ಲ. ಕಡೆಗೆ ಆ ರೂಢಿಯೇ ಅವಳಿಗೆ ಮುಳುವಾಯಿತು.

ನಾಮದೇವನ ಕಿವಿ ಹೋದದ್ದು ಪವರ್‌ಲೂಮಿನ ಸದ್ದಿನಿಂದ. ಮಗ್ಗದ ಶೆಡ್ಡಿನಲ್ಲಿ ಯಾರೂ ಬಾಯಿಂದ ಮಾತಾಡುವುದಿಲ್ಲ. ನೂಲು ಕಡಿಯಿತು ಎಂದರೆ ಎರಡು ಬೆರಳು, ಚಹಾ ಎಂದರೆ ಹೆಬ್ಬೆರಳು, ಸಿಟ್ಟು ಎಂದರೆ ಬರೀ ಕಣ್ಣು. ಹೀಗೆ ಕೈಸನ್ನೆಯಲ್ಲೇ ಸಂಸಾರ ಮಾಡುತ್ತ ಮಗ್ಗದಾಚೆಯೂ ಅವನಿಗೆ ಏನೂ ಕೇಳಿಸದಂತಾಯಿತು. ಓಣಿಯ ಅರ್ಧ ಗಂಡಸರ ಪಾಡು ಅದೇ ಆಗಿದ್ದರಿಂದ ಯಾರೂ ಅದನ್ನು ರೋಗವೆಂದು ಎಣಿಸಲಿಲ್ಲ.

ಇನ್ನೊಂದು ಸಂಗತಿ. ಗಂಡನ ಹೆಸರು ಹಿಡಿದು ಕರೆಯುವುದು ಆ ಮನೆಯಲ್ಲಿ ರೂಢಿಯಲ್ಲಿರಲಿಲ್ಲ. ಈಗಿನ ಹುಡುಗಿಯರು ಗಂಡನನ್ನು ಲೋ ಎನ್ನುತ್ತಾರೆ, ಯಾರ ಗಂಟೂ ಹೋಗುವುದಿಲ್ಲ. ಆದರೆ ರೋಹಿಣಿಯ ಅತ್ತೆ ಹಳೇ ಕಾಲದ ಮುದುಕಿ. ಮದುವೆಯಲ್ಲಿ ನಾಲ್ಕು ಜನ ಅಡ್ಡಗಟ್ಟಿ ಗಂಡನ ಹೆಸರು ಸೇರಿಸಿ ಒಡಪು ಹೇಳಿಸಿದಾಗ ರೋಹಿಣಿ ಒಂದೇ ಒಂದು ಸಲ "ನಾಮದೇವ" ಅಂದಿದ್ದಳು, ಅದೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು. ಆಮೇಲೆ "ಏನ್ರಿ", "ಕೇಳ್ತೀರಿಲ್ಲೋ", ಇಷ್ಟೇ.

ಅವನ ಕಿವಿ ಪೂರ್ತಿ ಹೋದ ಮೇಲೆ ಅವಳಿಗೆ ಒಂದು ಸ್ವಾತಂತ್ರ್ಯ ಸಿಕ್ಕಿತು. ಅವನು ಮಗ್ಗದ ಮುಂದೆ ಕೂತಿರುವಾಗ ಅವಳು ಹಿಂದೆ ರಾಟೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತ ಅವನ ಬೆನ್ನಿನೊಂದಿಗೆ ಮಾತಾಡತೊಡಗಿದಳು. ಹೆಸರು ಹಿಡಿದೇ ಕರೆಯುವಳು. ಹೊಸದಾಗಿ ಮದುವೆಯಾದಾಗ ಹೇಳಬೇಕಾಗಿದ್ದ, ನಾಚಿಕೆಯಲ್ಲಿ ನುಂಗಿದ್ದ ಮಾತುಗಳನ್ನೆಲ್ಲ ಆಡುವಳು. ಅವನು ತಿರುಗಿದರೆ ಸುಮ್ಮನಾಗಿ ನೂಲು ತೋರಿಸುವಳು. ಆ ವರ್ಷಗಳಲ್ಲಿ ಅವಳು ಸುಖವಾಗಿದ್ದಳು ಎಂದೇ ಹೇಳಬೇಕು.

ಅಷ್ಟರಲ್ಲಿ ಕಿವಿಕಾಳು ಬಂತು. ಅದು ಟೈಟೇನಿಯಂನ ಒಂದು ಚೂರು, ಜೋಳದ ಕಾಳಿಗಿಂತ ಚಿಕ್ಕದು. ಕಿವಿಯ ಒಳಗಿನ ಎಲುಬಿಗೆ ಅದನ್ನು ಅಂಟಿಸಿ, ಕಿವಿಯ ಹಿಂದೆ ಚರ್ಮದಡಿ ಬ್ಯಾಟರಿ ಇಡುತ್ತಾರೆ. ಹೊರಗಿನ ಸದ್ದು ಕರೆಂಟಾಗಿ ಕಾಳಿಗೆ ಹೋಗುತ್ತದೆ, ಕಾಳು ಕಂಪಿಸುತ್ತದೆ, ಕಿವುಡನಿಗೆ ಕೇಳಿಸುತ್ತದೆ. ಸರ್ಕಾರ ನೇಕಾರರಿಗೆ ಅದನ್ನು ಪುಕ್ಕಟೆ ಹಾಕಿಸಿದಾಗ ನಾಮದೇವನೂ ಹಾಕಿಸಿಕೊಂಡ. ಮಗಳು ಸ್ನೇಹಲ ಆಗ ಕಾಲೇಜಿನಲ್ಲಿದ್ದಳು. ಕಾಳನ್ನು ಚಾಲೂ ಮಾಡಿಸಲು ಅವನನ್ನು ಆಸ್ಪತ್ರೆಗೆ ಕರೆದೊಯ್ದವಳು ಅವಳೇ.

ಅವತ್ತಿನಿಂದ ರೋಹಿಣಿ ಮತ್ತೆ "ಏನ್ರಿ"ಗೆ ಮರಳಿದಳು. ಕೇಳಿಸುವ ಗಂಡನ ಎದುರು ಅಂಥ ಮಾತು ಹೇಗೆ ಆಡುವುದು? ಉಳಿದದ್ದು ಬೇಳೆ, ಬಾಡಿಗೆ, ಮಾತ್ರೆಯ ಮಾತು. ನಾಮದೇವ ಒಂದು ಹೊಸ ಚಾಳಿ ಕಲಿತ. ಮಾತಿನ ನಡುವೆ ಕಿವಿಯ ಹಿಂದೆ ಬೆರಳಿನಿಂದ ಟಪ್ ಟಪ್ ಬಡಿದು, "ಬಂದ್ ಮಾಡೇನಿ, ಇನ್ನ ಏನೂ ಕೇಳಸೂದಿಲ್ಲ" ಎಂದು ಅವಳಿಗೆ ಬೆನ್ನು ಹಾಕಿ ಗೋಡೆಯತ್ತ ತಿರುಗಿ ಕೂರುವನು. ತನ್ನ ಬೈಗುಳ ತಪ್ಪಿಸಿಕೊಳ್ಳಲು ಇವನು ಕಿವಿಯನ್ನೇ ಆರಿಸುತ್ತಾನಲ್ಲ ಎಂದು ರೋಹಿಣಿಗೆ ಉರಿದುಹೋಗುತ್ತಿತ್ತು.

"ನಿಮ್ಮ ಮುಂದ ಮಾತಾಡೂಕಿಂತ ಗ್ವಾಡಿ ಮುಂದ ಮಾತಾಡೂದು ಛಲೋ" ಎಂದು ಡಬ್ಬಿ ಕುಕ್ಕಿ ಒಳಗೆ ಹೋಗುವಳು. ಅವನು ಬಹಳ ಹೊತ್ತು ಹಾಗೆಯೇ ಗೋಡೆ ನೋಡುತ್ತ ಕೂತಿರುತ್ತಿದ್ದ.

ಅವನು ಕುಸಿದು ಬಿದ್ದ ಮಧ್ಯಾಹ್ನವೂ ಆದದ್ದು ಇದೇ. ಬಿ.ಪಿ. ಮಾತ್ರೆ ಯಾಕೆ ನುಂಗಲಿಲ್ಲ ಎಂದು ಅವಳು ಗದರಿದಳು. ಅವನು ಟಪ್ ಟಪ್ ಮಾಡಿ ತಿರುಗಿ ಕೂತ. ಅವಳು ಒಳಗೆ ಹೋಗಿ ಬರುವಷ್ಟರಲ್ಲಿ ಕುರ್ಚಿಯಿಂದ ಜಾರಿದ್ದ. ಮೆದುಳಿನಲ್ಲಿ ರಕ್ತನಾಳ ಒಡೆದಿತ್ತು. ಆಸ್ಪತ್ರೆಯಲ್ಲಿ ಅವನು ಕಣ್ಣು ತೆರೆಯಲೇ ಇಲ್ಲ.

"ಮಾತಾಡಸ್ರಿ ಅಕ್ಕಾರ, ಕಣ್ಣ ಮುಚ್ಚಿದ್ರೂ ಕಿವಿ ಕೇಳಸ್ತಿರತೈತಿ" ಎಂದಳು ನರ್ಸ್.

ರೋಹಿಣಿ ಬಗ್ಗಿ ಅವನ ಕಿವಿಗೆ ಬಾಯಿಟ್ಟಳು. ಅವನ ಮುಖದೆದುರು ಹೆಸರು ಹಿಡಿದು ಕರೆದದ್ದು ಮದುವೆಯ ನಂತರ ಅದೇ ಮೊದಲು. "ನಾಮದೇವಾ, ಏಳೋ. ಏಳು, ಮನೀಗೆ ಹೋಗೂಣು." ಹಳೆಯ ಮಾತುಗಳನ್ನೆಲ್ಲ ಆಡಿದಳು. ಬೆಳಗಾಗುವುದರೊಳಗೆ ಅವನು ಹೋಗಿಬಿಟ್ಟಿದ್ದ. ಆಮೇಲೆಯೇ ಅವಳಿಗೆ ಹೊಳೆದದ್ದು. ಅವನು ಕಿವಿ ಬಂದ್ ಮಾಡಿಕೊಂಡಿದ್ದನಲ್ಲ. ತೆರೆದವರು ಯಾರು?

ಬೆಂಕಿಯಲ್ಲಿ ಬ್ಯಾಟರಿ ಸಿಡಿಯುತ್ತದೆಂದು ಸುಡುವ ಮೊದಲು ಕಿವಿಕಾಳು ತೆಗೆಯುತ್ತಾರೆ. ಆಸ್ಪತ್ರೆಯವರು ಅದನ್ನು ಸಣ್ಣ ಡಬ್ಬಿಯಲ್ಲಿಟ್ಟು ಕೊಟ್ಟರು. ದಿನಕರ್ಮಗಳೆಲ್ಲ ಮುಗಿದ ಮೇಲೆ ಒಂದು ದಿನ ರೋಹಿಣಿ ಡಬ್ಬಿ ತೆರೆದಳು. ಕಾಳಿನ ಮೈ ಮಾಸಿದ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು, ಹತ್ತಿರ ಹಿಡಿದರೆ ಪದರುಪದರು. ಇಷ್ಟು ವರ್ಷ ಕಿವಿಯೊಳಗೆ ಇದ್ದದ್ದು, ಹೊಲಸಾಗಿದೆ ಎಂದುಕೊಂಡಳು. ತಾಳಿ ತೆಗೆದಿದ್ದ ಕೊರಳು ಬರಿದಾಗಿತ್ತು. ಇದಕ್ಕೆ ಬಣ್ಣ ಕೊಟ್ಟು ಓಲೆಗೆ ಕೂರಿಸಿ ಹಾಕಿಕೊಳ್ಳಬೇಕೆಂಬ ಆಸೆ ಹುಟ್ಟಿತು. ಅವನು ಅವಳಿಗೆಂದು ನೇಯ್ದ ಮೊದಲ ಸೀರೆ ನವಿಲುಕುತ್ತಿಗೆ ಬಣ್ಣದ್ದು.

ಅವಳ ಕೈ ಮೊದಲು ಆಸಿಡ್ಡಿನ ಡಬ್ಬಿಗೆ ಹೋಯಿತು. ಕಾಳು ತೀರ ಚಿಕ್ಕದೆಂದು ಹೆದರಿ ಹೆಚ್ಚು ಹೊತ್ತು ಬಿಡದೆ ಎತ್ತಿದಳು. ಆಮೇಲೆ ಸೋಡಾ ನೀರಿಗೆ ಇಳಿಸಿ ಕರೆಂಟ್ ಕೊಟ್ಟಳು. ಹೊಂಬಣ್ಣ ದಾಟಿ, ನೇರಳೆ ದಾಟಿ, ನೀಲಿ ಏರಿ ಬಂತು. ಅಷ್ಟು ಶುದ್ಧವಾದ ನವಿಲುಕುತ್ತಿಗೆ ಅವಳ ಕೈಯಿಂದ ಹಿಂದೆಂದೂ ಬಂದಿರಲಿಲ್ಲ.

ಸ್ನೇಹಲ ಈಗ ಸಿಟಿ ಬಸ್ ಓಡಿಸುತ್ತಾಳೆ. ದೀಪಾವಳಿಯ ಹೊತ್ತಿಗೆ ಒಂದು ಸಂಜೆ ಡ್ಯೂಟಿ ಮುಗಿಸಿ ಬಂದವಳು ಚಪ್ಪಲಿ ಬಿಡುವುದನ್ನೂ ಮರೆತು ಶೆಡ್ಡಿಗೆ ನುಗ್ಗಿದಳು.

"ಯವ್ವಾ, ಅಪ್ಪನ ಕಿವಿಕಾಳು ಎಲ್ಲೈತಿ? ಅದರಾಗ ಅಪ್ಪ ಕೇಳಿದ್ದೆಲ್ಲಾ ಉಳಿದಿರತೈತಂತ! ಇಲ್ಲೇ ಧ್ವನಿಶೇಷ ಅಂತ ಒಂದ ಲ್ಯಾಬ್ ಐತಿ, ಅಲ್ಲೆ ಓದತಾರಂತ. ಬಸ್ಸಿನ್ಯಾಗ ಒಬ್ಬಾಕಿ ಹೇಳಿ ಅತ್ತಳು. ಸತ್ತ ಮಗ ಕೇಳಿದ್ದ ಹಾಡು ಕೇಳಿ ಬಂದಿದ್ದಳು."

ರೋಹಿಣಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಎದೆ ಹಾರಿತು. ಆಸ್ಪತ್ರೆಯ ಆ ಕಡೆಯ ರಾತ್ರಿ ತಾನು ಆಡಿದ್ದು ಅವನಿಗೆ ಕೇಳಿಸಿತೋ ಇಲ್ಲವೋ, ಅದು ಈ ಕಾಳಿನಲ್ಲಿ ಇದೆ! ಓಲೆಗೆ ಕೈ ಹೋಯಿತು. ಮಗಳ ಕಣ್ಣು ಆ ಕೈಯನ್ನು ಹಿಂಬಾಲಿಸಿ ನೀಲಿಯ ಮೇಲೆ ನಿಂತಿತು.

"ಇದನ್ನ ತೊಳದಿ ಏನ?" ಎಂದಳು ಸ್ನೇಹಲ. ತಾಯಿ ಓಲೆ ಬಿಚ್ಚಿ ಅವಳ ಅಂಗೈಗೆ ಹಾಕಿದಳು.

ಧ್ವನಿಶೇಷ ಪ್ರಯೋಗಾಲಯದ ಮುಖ್ಯಸ್ಥೆ ಡಾ. ಮೆಹರುನ್ನಿಸಾ ಬಾಗವಾನ. ಬೆಳಗಾವಿಯವಳೇ. ಕಾಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದವಳು ಬಹಳ ಹೊತ್ತು ತಲೆ ಎತ್ತಲಿಲ್ಲ.

"ಬಣ್ಣ ಯಾರ ಹಾಕಿದ್ರಿ?"

"ನಾನ ರೀ. ಅದ ನನ್ನ ಕೆಲಸ."

"ಹಂಗಾರ ನಿಮಗ ಲಗೂನ ತಿಳೀತದ" ಎಂದು ಡಾಕ್ಟರ್ ಕುರ್ಚಿ ಹತ್ತಿರ ಎಳೆದುಕೊಂಡಳು. "ನಿಮ್ಮ ಡಬ್ಬಿಯೊಳಗ ಆಗೂದು ಕಿವಿಯೊಳಗೂ ಆಗ್ತದ, ಭಾಳ ಸಾವಕಾಶ. ಮೈಯ ನೀರ ಸೋಡಾ ನೀರ ಇದ್ದಂಗ. ಸದ್ದಿನ ಕರೆಂಟ್ ಕಾಳಿಗೆ ಬಂದಾಗೆಲ್ಲಾ ಒಂದಿಷ್ಟ ಪೊರೆ ಕಟ್ಟತದ. ಸದ್ದು ಏರಿಳಿದಂಗ ಪೊರೀನೂ ಏರಿಳೀತದ. ದಿನದ ಮ್ಯಾಲ ದಿನ, ಪದರಿನ ಮ್ಯಾಲ ಪದರ. ಕಾಳು ಬಂದ್ ಇದ್ರ ಪೊರೆ ಕಟ್ಟೂದಿಲ್ಲ, ಅಲ್ಲೊಂದು ಗೆರಿ ಬೀಳತದ. ನಾವು ಬೆಳಕು ಬಿಟ್ಟು ಅದನ್ನ ಓದತೀವಿ."

"ಕಡೀ ದಿನದ್ದು?"

"ಕಡೀದು ಎಲ್ಲಾದಕ್ಕಿಂತ ಮ್ಯಾಲಿನ ಪದರ ರೀ." ಡಾಕ್ಟರ್ ಕಾಳನ್ನು ಸೂಕ್ಷ್ಮದರ್ಶಕದಡಿಯಿಂದ ಈಚೆ ತೆಗೆದಳು. "ಆಸಿಡ್ ಮೊದಲ ತಿನ್ನೂದು ಅದನ್ನ."

ರೋಹಿಣಿ ಅಳಲಿಲ್ಲ. ಮೇಜಿನ ಮೇಲಿದ್ದ ತನ್ನ ಕೈಗಳನ್ನು ಯಾರೋ ಬೇರೆಯವರದೆಂಬಂತೆ ನೋಡಿದಳು.

"ತಪ್ಪು ನಿಮ್ಮದಲ್ಲ. ಓದಾಕ ಬರತೈತಿ ಅಂತ ನಮಗೇ ಈಗೀಗ ಗೊತ್ತಾತು. ಡಬ್ಬಿ ಮ್ಯಾಲ ತೊಳೀಬ್ಯಾಡ್ರಿ ಅಂತ ಬರೀಬೇಕಾಗಿತ್ತು, ಯಾರೂ ಬರೀಲಿಲ್ಲ" ಎಂದಳು ಡಾಕ್ಟರ್. "ತಳದಾಗ ಏನರ ಉಳಿದೈತೇನು, ನೋಡ್ತೇನಿ. ಒಂದಿಷ್ಟ ದಿನ ಬಿಟ್ಟು ಬರ್ರಿ."

ಆ ದಿನಗಳಲ್ಲಿ ರೋಹಿಣಿಯ ಕೈ ಕೆಲಸವನ್ನೇ ಮರೆಯಿತು. ಬೋಲ್ಟುಗಳ ಚೀಲಗಳು ಬಾಗಿಲ ಬಳಿ ಹಾಗೆಯೇ ಬಿದ್ದಿದ್ದವು. ಒಂದು ಬೆಳಿಗ್ಗೆ ಅವಳು ಆಸಿಡ್ಡಿನ ಡಬ್ಬಿಯನ್ನು ಎತ್ತಿಕೊಂಡು ಹೋಗಿ ಹಿತ್ತಲಿನ ಮೋರಿಗೆ ಸುರಿಯಲು ಹೊರಟಾಗ ಸ್ನೇಹಲ ಓಡಿ ಬಂದು ಕೈ ಹಿಡಿದಳು.

"ಮೋರಿ ಯಾಕ ಸುಡ್ತಿ? ಅದೇನ ಮಾಡೇತಿ ನಿನಗ?"

"ನನ್ನ ಕೈಯಾರೆ ತೊಳದ್ನಲ್ಲ ಸ್ನೇಹಾ. ಬ್ಯಾರೇ ಯಾರರ ಇದ್ರ ಸುಮ್ನ ಪೆಟಿಗ್ಯಾಗ ಇಡತಿದ್ರು. ನಾನಽ ಯಾಕ ತೊಳದೆ?"

"ದವಾಖಾನ್ಯಾಗ ಅಪ್ಪಗ ನೀ ಅಂಥಾದ್ದೇನ ಹೇಳಿದ್ದಿ?"

ಹೆತ್ತ ಮಗಳ ಮುಂದೆ ಅದನ್ನು ಹೇಳಲು ಬಾಯಿ ಬರಲಿಲ್ಲ. ಇಷ್ಟಾದರೂ ಬಾಯಿ ಬರಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. "ಕೇಳಿಸಿತ್ತೋ ಇಲ್ಲೋ, ಅಷ್ಟ ತಿಳಿದ್ರ ಸಾಕಾಗಿತ್ತು ನನಗ" ಎಂದಷ್ಟೇ ಅಂದಳು.

ಪ್ರಯೋಗಾಲಯದಿಂದ ಕರೆ ಬಂದ ದಿನ ಸ್ನೇಹಲಳಿಗೆ ರಜೆ ಸಿಗಲಿಲ್ಲ. ರೋಹಿಣಿ ಒಬ್ಬಳೇ ಹೋದಳು.

"ಮ್ಯಾಲಿಂದೆಲ್ಲಾ ಹೋಗೇತಿ" ಎಂದಳು ಡಾ. ಬಾಗವಾನ. "ಆಸಿಡ್ಡಿನ್ಯಾಗ ಭಾಳ ಹೊತ್ತು ಇಡಲಿಲ್ಲ ನೀವು, ಅದಕ್ಕ ತಳದ ಕೆಲವು ವರ್ಷ ಉಳದಾವು. ಪೂರ್ತಿ ಸ್ವಚ್ಛ ಅಂದ್ರ ಮೊದಲನೇ ದಿನದ್ದು, ಕಾಳು ಚಾಲೂ ಮಾಡಿದ ದಿನ. ಕೇಳ್ತೀರಿ?"

ಹೆಡ್‌ಫೋನಿನಲ್ಲಿ ಮೊದಲು ಬರೀ ಮರಳು ಸುರಿದಂಥ ಸದ್ದು. ಆಸ್ಪತ್ರೆಯ ಯಾರದೋ ಧ್ವನಿ. ಸ್ನೇಹಲಳ ಎಳೆಯ ಗಂಟಲು, "ಅಪ್ಪಾ, ಕೇಳಸ್ತೈತಿ?" ಅದಕ್ಕೆ ನಾಮದೇವ, ಒಳಗಿನಿಂದ ಬಂದಂಥ ಗುಂಯ್‌ಗುಟ್ಟುವ ಸ್ವರದಲ್ಲಿ, "ನಿಮ್ಮವ್ವಗ ಹೇಳಬ್ಯಾಡ. ಸಂಜೀಮುಂದ ಗಮ್ಮತ್ ಮಾಡೂಣು." ಗಂಡನ ಧ್ವನಿ ಮತ್ತೆ ಕೇಳೀತೆಂದು ರೋಹಿಣಿ ಎಣಿಸಿರಲಿಲ್ಲ.

ಆಮೇಲೆ ಶೆಡ್ಡಿನ ಬಾಗಿಲು. ಹೆಜ್ಜೆ. ಹಲಗೆಯ ಮೇಲೆ ಕೂತ ಕಿರ್ ಸದ್ದು. ಮಗ್ಗ ಓಡುತ್ತಿಲ್ಲ. ಹಿಂದೆ ಕಂಡಿಕೆ ಸುತ್ತುವ ರಾಟೆಯ ಗರಗರ. ಅದರ ಮೇಲೆ ಒಬ್ಬ ಹೆಂಗಸಿನ ಧ್ವನಿ. ಯಾರಿದು ಇಷ್ಟು ಮೆತ್ತಗೆ ಮಾತಾಡುವವಳು ಎಂದು ರೋಹಿಣಿ ಒಂದು ಗಳಿಗೆ ಯೋಚಿಸಿದಳು.

"ನಾಮದೇವಾ, ಬಂದ್ಯಾ? ಎಲ್ಲೆ ಹೋಗಿದ್ಯೋ ನನ ರಾಜಾ, ಮುಂಜಾನಿಂದ ಶೆಡ್ ಬಿಕೋ ಅಂತಿತ್ತು. ಕಾಲು ಸೋತಿರಬೇಕು ನಿನ್ನವು. ಇವತ್ತ ಮಗ್ಗ ಹಚ್ಚಬ್ಯಾಡ. ಏಳು, ಮನೀಗೆ ಹೋಗೂಣು."

ರಾಟೆ ನಿಂತಿತು. ಎಲ್ಲಕ್ಕಿಂತ ಹತ್ತಿರದಲ್ಲಿ, ಮುರಿದು ಮುರಿದು, ಏನೋ ಒಂದು ಸದ್ದು ಬಂತು.

"ಇದ ಹೊರಗಿನ ಸದ್ದಲ್ಲ" ಎಂದಳು ಡಾಕ್ಟರ್ ಮೆಲ್ಲಗೆ. "ಅವರ ಗಂಟಲಿಂದು. ಅಳು ನುಂಗಿದಾಗ ಹಂಗಾಗತದ."

ರೋಹಿಣಿಗೆ ಆ ಸಂಜೆ ನೆನಪಾಯಿತು. ಕಾಳು ಚಾಲೂ ಆದದ್ದು ಅವಳಿಗೆ ಆಗಿನ್ನೂ ಗೊತ್ತಿರಲಿಲ್ಲ. ಊಟಕ್ಕೆ ಕೂತಾಗ ಸಾರಿನ ಉಪ್ಪಿನ ಬಗ್ಗೆ ಅವಳು ತನ್ನಷ್ಟಕ್ಕೆ ಗೊಣಗಿದಳು, ಅವನು ಥಟ್ಟನೆ ಉತ್ತರ ಕೊಟ್ಟ. ಅವಳು ಬೆಚ್ಚಿಬಿದ್ದಳು, ಅವನು ನಕ್ಕ. ಶೆಡ್ಡಿನಲ್ಲಿ ಕೇಳಿದ್ದನ್ನು ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.

"ಮುಂದ ಎಲ್ಲರೆ ಐತೇನ್ರಿ? ನಾ ಹಿಂಗ ಕರದದ್ದು?"

"ಉಳದ ವರ್ಷದಾಗೆಲ್ಲಾ ಹುಡುಕಿದ್ವಿ. ಇಲ್ಲ. ಇದೊಂದ ಸಲ."

"ಇರೂದಿಲ್ಲ ಬಿಡ್ರಿ. ಮಾತಾಡಾಕ ಹತ್ತಿದ್ರ ಟಪ್ ಟಪ್ ಬಡದು ಬಂದ್ ಮಾಡತಿದ್ರು." ರೋಹಿಣಿ ಕಿವಿಯ ಹಿಂದೆ ಬೆರಳಿಂದ ಬಡಿದು ತೋರಿಸಿದಳು. "ಬಿದ್ದ ದಿನಾನೂ ಹಂಗಽ ಬಂದ್ ಮಾಡಿದ್ರು. ದವಾಖಾನ್ಯಾಗ ನಾ ಹೇಳಿದ್ದು ಕೇಳಸಲಿಲ್ಲ ಅವರಿಗೆ."

ಡಾಕ್ಟರ್ ಅವಳ ಬೆರಳನ್ನೇ ನೋಡಿದಳು. "ಹಿಂಗ ಬಡದ್ರ ಅದು ಬಂದ್ ಆಗೂದಿಲ್ಲ ರೀ. ಒತ್ತಿ ಹಿಡೀಬೇಕು, ಭಾಳ ಹೊತ್ತು. ಚಾಲೂ ಮಾಡೂ ದಿನಾನ ಎಲ್ಲಾರಿಗೂ ಕಲಿಸಿರತಾರ." ಪರದೆಯ ಮೇಲೆ ಪದರಗಳನ್ನು ಸರಿಸುತ್ತ ಹೋದಳು. "ನೋಡ್ರಿ. ಬಂದ್ ಆದ್ರ ಗೆರಿ ಬೀಳತದ ಅಂದಿದ್ದೆ. ಬ್ಯಾಟರಿ ಬದಲಿಸಿದ ಕಡೆ ಬಿಟ್ರ ಎಲ್ಲೂ ಗೆರಿ ಇಲ್ಲ. ಮಲಗಿದಾಗನೂ ಬಂದ್ ಮಾಡಿಲ್ಲ ಅವರು. ನಿಮ್ಮ ಯಜಮಾನ್ರು ಇದನ್ನ ಬಂದ್ ಮಾಡಿದವರಽ ಅಲ್ಲ."

"ಹಂಗಾರ ಕಡೀ ದಿನ..."

"ಪದರ ಇಲ್ಲ, ಬರದು ಕೊಡಾಕ ನನಗ ಬರೂದಿಲ್ಲ. ಆದ್ರ ಅದು ಚಾಲೂ ಇತ್ತು. ಅಷ್ಟ ಹೇಳಬಲ್ಲೆ."

ಬೇಕಾಗಿದ್ದ ಉತ್ತರ ಸಿಕ್ಕಿತ್ತು. ಸಮಾಧಾನವಾಗಬೇಕಾಗಿತ್ತು. ಆದರೆ ಆ ಉತ್ತರದ ಹಿಂದೆಯೇ ಇನ್ನೊಂದು ಬಂದು ನಿಂತಿತು. ಬಂದ್ ಆಗುವುದಿಲ್ಲವೆಂದು ಗೊತ್ತಿದ್ದೂ ಅವನು ಯಾಕೆ ಬಡಿಯುತ್ತಿದ್ದ? ಯಾಕೆ ಬೆನ್ನು ತಿರುಗಿಸಿ ಅಷ್ಟು ಹೊತ್ತು ಕೂರುತ್ತಿದ್ದ?

"ಮತ್ತೊಮ್ಮೆ ಹಚ್ಚಲಿ?" ಎಂದು ಡಾಕ್ಟರ್ ಕೇಳಿದಳು.

"ಬ್ಯಾಡ್ರಿ" ಎಂದಳು ರೋಹಿಣಿ. "ಅವರಿಗೂ ಒಮ್ಮೆ ಅಷ್ಟ ಸಿಕ್ಕಿತ್ತು."

ಡಾಕ್ಟರ್ ಮರಳಿ ಕೊಟ್ಟ ಓಲೆ ಹಾಕಿಕೊಂಡು ಹೊರಗೆ ಬಂದು ಸ್ಟಾಪಿನಲ್ಲಿ ಒಂದೆರಡು ಬಸ್ಸು ಬಿಟ್ಟು ಮಗಳ ಬಸ್ಸಿಗಾಗಿ ಕಾದಳು. ಹತ್ತಿ ಡ್ರೈವರಿನ ಸೀಟಿನ ಬೆನ್ನಿಗೇ ಕೂತಳು. ಬಸ್ಸು ಕರೆಂಟಿನದು, ಸದ್ದಿಲ್ಲ. ಸ್ನೇಹಲ ಕನ್ನಡಿಯಲ್ಲಿ ತಾಯಿಯ ಮುಖ ನೋಡಿದಳು.

"ಏನಂದ್ರು ಯವ್ವಾ?"

"ಚಾಲೂನ ಇತ್ತಂತ. ಯಾವಾಗಲೂ ಚಾಲೂನ ಇತ್ತಂತ."

"ಅಂದ್ರ ಕೇಳಿಸಿತ್ತು! ಮತ್ಯಾಕ ಅಳ್ತಿ?" ಸಿಗ್ನಲ್ ಬಿಟ್ಟಿತು, ಸ್ನೇಹಲ ರಸ್ತೆ ನೋಡಲೇಬೇಕಾಯಿತು. "ಹಂಗಾರ ಅಪ್ಪ ಟಪ್ ಟಪ್ ಯಾಕ ಬಡೀತಿದ್ದ?"

ಬೆನ್ನಿನೊಂದಿಗೆ ಮಾತಾಡುವುದು ರೋಹಿಣಿಗೆ ಹೊಸದಲ್ಲ. ಮುಖ ಕಾಣದಿದ್ದರೆ ಅವಳಿಗೆ ಬಾಯಿ ಬರುತ್ತದೆ.

"ನಿಮ್ಮಪ್ಪ ಕಿವುಡ ಇದ್ದಾಗ ನಾ ಹಿಂದ ಕುಂತು ಹೆಸರ ಹಿಡದು ಕರೀತಿದ್ದೆ. ಅವ ಮೊದಲನೇ ದಿನ ಅದನ್ನ ಕೇಳಿದ. ಆಮ್ಯಾಲ ನಾ ಬಿಟ್ಟೆ. ಕಿವುಡ ಆಗೇನಿ ಅಂತ ತೋರಿಸಿದ್ರ ಮತ್ತ ಕರೀತಾಳೇನೋ ಅಂತ ಹಂಗ ಮಾಡತಿದ್ದ. ತಿರುಗಿ ಕುಂತು ಹಾದಿ ಕಾಯತಿದ್ದ. ನಾ ಡಬ್ಬಿ ಕುಕ್ಕಿ ಒಳಗ ಹೋಗತಿದ್ದೆ."

ಸ್ನೇಹಲಳ ಬೆನ್ನು ಅಲುಗಲಿಲ್ಲ.

ರೋಹಿಣಿ ಓಲೆಯ ನೀಲಿ ಕಾಳನ್ನು ಬೆರಳಿಂದ ಮುಟ್ಟಿದಳು. ಆಮೇಲೆ ಅಷ್ಟು ಜನರ ನಡುವೆ, ಸೆರಗನ್ನು ಬಾಯಿಗೆ ಹಿಡಿಯದೆ, "ನಾಮದೇವಾ" ಎಂದು ಗಟ್ಟಿಯಾಗಿ ಕರೆದಳು. ಕಂಡಕ್ಟರ್ ತಿರುಗಿ ನೋಡಿದ. ಪಕ್ಕದ ಸೀಟಿನ ಮುದುಕನೂ ನೋಡಿದ. ಅವಳು ಮತ್ತೊಮ್ಮೆ ಕರೆದಳು.

ವಡಗಾವಿ ಸ್ಟಾಪ್ ಬಂತು. ಬಾಗಿಲು ತೆರೆಯಿತು, ಇಳಿಯುವವರು ಇಳಿದರು. ರೋಹಿಣಿ ಇಳಿಯಲಿಲ್ಲ. ಸ್ನೇಹಲ ಇಳಿ ಎನ್ನಲೂ ಇಲ್ಲ, ಬಾಗಿಲು ಮುಚ್ಚಿ ಬಸ್ಸನ್ನು ಮುಂದಕ್ಕೆ ಬಿಟ್ಟಳು.